ಹರಕತ್ತಿಲ್ಲ

ಅತ್ತಿ ಸತ್ತ ಮೇಲೆ ಗೊತ್ತಾಯಿತು
ಆಕೆ ಮೂವರಿದ್ದಳೆಂದು.
ಬ್ಯಾಂಕಿನಲ್ಲಿ ಗುರುಸಿದ್ಧಾ,
ರೇಶನ್ ಕಾರ್ಡಿನಲ್ಲಿ ಗುರಸಿದ್ದವ್ವಾ,
ಹೊಲದ ಸಾತ್-ಬಾರಾದಲ್ಲಿ ಬರೇ ಸಿದ್ದಾಬಾಯಿ.
ಐನೂರರ ಸ್ಟಾಂಪಿನ ಮೇಲೆ ಪ್ರಮಾಣ ಮಾಡಿದೆ:
ಈ ಮೂವರೂ ಒಬ್ಬಳೇ.
ಬಸ್‌ಸ್ಟ್ಯಾಂಡಿನ ಹಿಂದೆ ಗಿರಣಿ ನಡೆಸಿದವಳು ಒಬ್ಬಳೇ,
ಅಕ್ಕಲಕೋಟೆಯ ಸರಕಾರಿ ದವಾಖಾನೆಯಲ್ಲಿ
ಮಂಗಳವಾರ ನಸುಕಿಗೆ
ತೀರಿಕೊಂಡವಳೂ ಒಬ್ಬಳೇ.

ಮೃತ್ಯುಪತ್ರದಲ್ಲಿ ಎಲ್ಲ ನೋಡಿಕೊಳ್ಳಬೇಕಾದವಳು ನಾನು.
ವಕೀಲ ದೇಶಮಾನೆ ಹೇಳಿದ, ಆಸ್ತಿಯ ಯಾದಿ ತಾ.
ಬರೆದೆ:
ಒಂದು ಎಕರೆ ಹದಿಮೂರು ಗುಂಟೆಯಲ್ಲಿ ಅರ್ಧ.
ಠೇವಣಿ ಎರಡು, ನಾಮಿನಿ ಜಾಗ ಖಾಲಿ.
ಪಾಸ್‌ಬುಕ್ಕಿನಲ್ಲಿ ನಲವತ್ತೊಂದು ಸಾವಿರದ ಮುನ್ನೂರು.
ಬೋರಮಾಳ ಒಂದು, ಎರಡು ಗುಂಡು ಕಮ್ಮಿ.
ಮೋಟಾರು, ಬೀಸುವ ಕಲ್ಲು, ಹರಿದು ಹೊಲಿದ ಪಟ್ಟಾ.
ಜೋಳದೊಳಗಿನ ಮೊಳೆ ಹಿಡಿಯುವ ಸೂಜಿಗಲ್ಲು,
ಅದಕ್ಕಿನ್ನೂ ಕಚ್ಚಿಕೊಂಡಿದ್ದವು
ಆರು ಮೊಳೆ, ಒಂದು ಪಿನ್ನು.
ಮೊಳೆಗಳನ್ನೂ ಬರೆಯಬೇಕೇ ಎಂದೆ.
ಆತ ನಗಲಿಲ್ಲ.

ಮೀಟರು? ಎಂದ.
ಮೀಟರು ಮಾವನ ಹೆಸರಲ್ಲಿ.
ಮಾವ ಹೋಗಿ ಮೂವತ್ತನಾಲ್ಕು ವರ್ಷ.
ತಿಂಗಳಿಗೊಂದು ಬಿಲ್ಲು ಮಡಿವಾಳಪ್ಪನವರಿಗೆ ಬಂದಿದೆ,
ತಪ್ಪದೆ ಕಟ್ಟಿದ್ದಾಳೆ.
ಹೆಸರು ಬದಲಿಸೋಣ ಅತ್ತಿ, ಎಂದಿದ್ದೆ ಒಮ್ಮೆ.
"ಇರಲಿ ಬಿಡವಾ,
ತಿಂಗಳಿಗೊಮ್ಮೆರೆ ಯಾರರೆ ಬಾಗಲದಾಗ ನಿಂತು
ಅವರ ಹೆಸರ ಹಿಡದ ಕರೀತಾರ."

ವಹಿ ಸಿಕ್ಕಿದ್ದು ಆಮೇಲೆ,
ಸಜ್ಜೆಯ ಡಬ್ಬಿಯ ತಳದಲ್ಲಿ.
ಮೂರನೆಯ ಇಯತ್ತೆಗೆ ನಿಂತ ಕನ್ನಡ,
ಒತ್ತಕ್ಷರಕ್ಕೆ ಹೆದರುವ ಕೈ:
ಚಾಂದಸಾಬ ೨೦೦೦ ಕೈಗಡ, ಮಗಳ ಮದವಿ.
ಸೋನಾಬಾಯಿ ೩೦೦ ಕೈಗಡ, ದವಾಕಾನಿ.
ಕೆಂಪ ಸೀರಿಯಾಕಿ ೫೦, ಹೆಸರ ಕೇಳಲಿಲ.

ಕೋರ್ಟಿಗೆ ಮರಾಠಿಯಲ್ಲಿ ಬೇಕಂತೆ.
ಕನ್ನಡ ಶಾಲೆಯ ಬಾಯಿ ನಾನು, ರಾತ್ರಿ ಕೂತೆ.
ಕೈಗಡಕ್ಕೆ ಹಾತಉಸನೆ ಎಂದೆ,
ಕೈಗೆ ಕೈ ಸರಿಯಾಗಿಯೇ ಕೂತಿತು.
ಕೂಡದ್ದು ಆ ಕೊನೆಯ ಸಾಲು.
ಹೆಸರಿಲ್ಲದವರ ಮೇಲೆ ಬಾಕಿ ಹೇಗೆ ತೋರಿಸಲಿ,
ದೇಶಮಾನೆ ಕನ್ನಡಕ ತೆಗೆದ.
ಉಳಿದವಕ್ಕೂ ಮುದ್ದತು ಮುಗಿದಿದೆ, ಬಿಡಿ.
ಬಿಟ್ಟೆ.

ಸೋಲಾಪುರದ ಪೇಪರು, ಏಳನೆಯ ಪುಟ,
ಕಾಣೆಯಾದ ಸ್ಕೂಟರಿನ ಕೆಳಗೆ ಅತ್ತಿ:
ಯಾರದಾದರೂ ಹರಕತ್ ಇದ್ದಲ್ಲಿ
ಮೂವತ್ತು ದಿನದೊಳಗೆ.
ನಗು ಬಂತು, ಅರ್ಧಕ್ಕೆ ನಿಂತಿತು.
ಅದು ಅವಳ ಶಬ್ದ.
ಹಿಟ್ಟಿನ ಚೀಲ ಎದೆಗವುಚಿ
ಸೆರಗಿನ ಗಂಟು ತಡಕುವವರಿಗೆ
ಮೋಟಾರಿನ ಗದ್ದಲದ ಮೇಲಿಂದ ಕೂಗುತ್ತಿದ್ದಳು:
ಹರಕತ್ತಿಲ್ಲ, ಒಯ್ಯಿ!
ಹುಬ್ಬಿನ ತನಕ ಬಿಳಿ,
ಬಾಯಿ ಮಾತ್ರ ಕೆಂಪು.

ಮಾವನ ತಮ್ಮನ ಮಗ ಬಂದ.
ಸಹಿ ಬೆಳಕಿಗೆ ಹಿಡಿದು ನೋಡಿದ,
ಸಾಕ್ಷಿಗಳು ಯಾರೆಂದು ಕೇಳಿದ,
ಚಹಾ ಆರಿತು.
ಮೋಟಾರು ನನಗಿರಲಿ, ಎಂದ ಕೊನೆಗೆ.
ಮೃತ್ಯುಪತ್ರದಲ್ಲಿ ಮೋಟಾರಿನ ಮಾತೇ ಇಲ್ಲ.
ಇಪ್ಪತ್ತಾರನೆಯ ದಿನ ಯಾರೋ ಒಬ್ಬಾಕೆ,
ಸೀರೆ ಹಸಿರು.
"ಅವ್ವಾರದು ಐವತ್ತು ಕೊಡೂದಿತ್ತು."
ಕೋರ್ಟಿನ ಹುಕುಂ ಬರುವ ತನಕ
ನಾನು ಈಸಿಕೊಳ್ಳುವಂತಿಲ್ಲ ಎಂದೆ.
ನನ್ನ ಮುಖವನ್ನೇ ನೋಡಿದಳು.
"ಆಕಿ ಕೊಡೂ ಮುಂದ ಯಾವ ಹುಕುಂ ಕೇಳಿದ್ಳು?"
ನೋಟನ್ನು ಸೂಜಿಗಲ್ಲಿನ ಕೆಳಗಿಟ್ಟು ಹೋದಳು.
ಓಣಿ ದಾಟಿದ ಮೇಲೆ ನೆನಪಾಯಿತು,
ನಾನೂ ಹೆಸರು ಕೇಳಿರಲಿಲ್ಲ.

ಪ್ರೊಬೇಟು ಬಂತು, ಕೆಂಪು ಮುದ್ರೆ ಬಡಿಸಿಕೊಂಡು.
ಠೇವಣಿ ಮುರಿಯಿತು, ಹೊಲ ಹೆಸರು ಬದಲಿಸಿತು,
ಮೋಟಾರು ಟೆಂಪೋ ಹತ್ತಿತು.
ನೆಲದಲ್ಲಿ ನಾಲ್ಕು ಬೋಲ್ಟಿನ ತೂತು,
ತೂತಿನೊಳಗೆ ಹಿಟ್ಟು.
ಮೀಟರಿನ ಅರ್ಜಿ ತುಂಬಿ ಇಟ್ಟಿದ್ದೆ,
ಸಹಿಯೊಂದು ಬಾಕಿ.
ಸೋಮವಾರ ಬಾಗಿಲಲ್ಲಿ ಲೈನ್‌ಮನ್
ಬಿಲ್ಲು ಬೀಸುತ್ತ ಕೂಗಿದ:
ಮಡಿವಾಳಪ್ಪಾ!

ಓ, ಎಂದೆ.